ಆ ತಿರುವು, ಆ ವರ್ಷದ ರೇಸುಗಳು

ತಮ್ಮನಿಗೆ ಆಕ್ಸಿಡೆಂಟ್ ಆದ ವರ್ಷ ನಾನು ಫಾರ್ಮುಲಾ ಒನ್ ರೇಸ್ ಒಂದನ್ನೂ ಬಿಡಲಿಲ್ಲ. ಇದನ್ನು ಹೇಳಿದರೆ ಜನಕ್ಕೆ ಅರ್ಥ ಆಗುವುದಿಲ್ಲ. ಮನೆಯಲ್ಲಿ ಹುಡುಗ ತೊಡೆ ಮೂಳೆಗೆ ರಾಡ್ ಹಾಕಿಸಿಕೊಂಡು ಮಲಗಿದ್ದಾನೆ, ನೀನು ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರು ನೋಡ್ತಾ ಕೂತಿದ್ಯಲ್ಲ, ಹೆಂಗೆ ಮನಸ್ಸು ಬರುತ್ತೆ ಅಂತ ದೊಡ್ಡಮ್ಮ ನೇರವಾಗಿಯೇ ಕೇಳಿದ್ದರು. ಸುಮ್ನೆ ದೊಡ್ಡಮ್ಮ, ಮನಸ್ಸು ಬೇರೆ ಕಡೆ ಹೋಗಲಿ ಅಂತ, ಎಂದಿದ್ದೆ. ಆದರೆ ಮನಸ್ಸು ಬೇರೆ ಕಡೆ ಹೋಗಬೇಕಿದ್ದರೆ ಧಾರಾವಾಹಿ ಇತ್ತು, ಕ್ರಿಕೆಟ್ ಇತ್ತು. ನಾನು ಹೋಗಿ ಕೂತದ್ದು ಗಾಡಿಗಳು ಒಂದಕ್ಕೊಂದು ಗುದ್ದುವ ಕಡೆಗೇ. ಯಾಕೆ ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ ಅನ್ನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ರೇಸಿನ ಹುಚ್ಚು ಮೊದಲಿನಿಂದ ಅವನದು. ಫಾರ್ಮುಲಾ ಒನ್ ಡ್ರೈವರ್ ಕಿಮಿ ರೈಕೋನೆನ್ ಅಂದರೆ ಪ್ರಾಣ. ನನ್ನನ್ನು ಇದಕ್ಕೆ ಎಳೆದದ್ದು ಟಿವಿಯಲ್ಲ, ಚಿಕ್ಕಮಗಳೂರಿನ ಕಾರ್ ರ‍್ಯಾಲಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಇಂಡಿಯಾ ಸುತ್ತು ನಮ್ಮ ಕಡೆ ಕಾಫಿ ತೋಟಗಳ ಒಳಗೆ ನಡೆಯುತ್ತಿದ್ದ ಕಾಲ ಅದು. ಗೌರವ್ ಗಿಲ್ 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಾಗ ನನ್ನ ತಮ್ಮ ಸ್ವಂತ ಅಣ್ಣನಿಗೇ ಬಂದ ಹಾಗೆ ಕುಣಿದಿದ್ದ. ಮೋಟರ್ ಸ್ಪೋರ್ಟ್‌ನವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಒಂದು ನವೆಂಬರ್ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಅವನ ಬೈಕಿನ ಹಿಂದೆ ಕೂತು ಹೋಗಿದ್ದೆ. ಚಳಿ ಅಂದರೆ ಚಳಿ. ತೋಟದ ಗೇಟಿನ ಹತ್ತಿರ ಬೈಕ್ ನಿಲ್ಲಿಸಿ, ಕೆಂಪು ಮಣ್ಣಿನ ದಾರಿಯಲ್ಲಿ ಏರಿ ಒಂದು ತಿರುವಿನ ಬಳಿ ನಿಂತೆವು. ಗಿಡಗಳಲ್ಲಿ ಹಣ್ಣು ಕೆಂಪಾಗಿತ್ತು. ಕೊಯ್ಲಿಗೆ ಬಂದಿದ್ದ ಹೆಂಗಸರು ಬುಟ್ಟಿ ಪಕ್ಕಕ್ಕಿಟ್ಟು ನಿಂತಿದ್ದರು. ರ‍್ಯಾಲಿಯಲ್ಲಿ ಕಾರು ಕಾಣುವ ಮೊದಲು ಕೇಳಿಸುತ್ತದೆ. ಗುಡ್ಡದ ಆಚೆ ಎಲ್ಲೋ ಗೊರಗೊರ ಅಂದದ್ದು ಹತ್ತಿರ ಬಂದು, ಮಾಯವಾಗಿ, ಮತ್ತೆ ಇದ್ದಕ್ಕಿದ್ದಂತೆ ಕಿವಿಯ ಪಕ್ಕದಲ್ಲೇ ಅನ್ನುವ ಹಾಗೆ ಬಂದು, ಕಾರು ಅಡ್ಡಡ್ಡ ಜಾರಿಕೊಂಡು ತಿರುಗಿ ಹೋಗಿಬಿಡುತ್ತದೆ. ಆಮೇಲೆ ಉಳಿಯುವುದು ಧೂಳು. ಕೋ-ಡ್ರೈವರ್ ನೋಡು ಅಕ್ಕ, ಅಂತ ತಮ್ಮ ಕೈ ತೋರಿಸಿದ. ಪಕ್ಕದ ಸೀಟಿನವರು ರಸ್ತೆ ನೋಡುತ್ತಲೇ ಇರಲಿಲ್ಲ. ತೊಡೆಯ ಮೇಲಿನ ಪುಸ್ತಕ ನೋಡಿಕೊಂಡು ಓದುತ್ತಿದ್ದರು. ಅದಕ್ಕೆ ಪೇಸ್ ನೋಟ್ಸ್ ಅನ್ನುತ್ತಾರೆ. ರ‍್ಯಾಲಿಗೆ ಮುಂಚೆ ಇಬ್ಬರೂ ಅದೇ ದಾರಿಯಲ್ಲಿ ನಿಧಾನ ಓಡಿಸಿಕೊಂಡು ಹೋಗಿ ಪ್ರತಿ ತಿರುವನ್ನೂ ಬರೆದುಕೊಂಡಿರುತ್ತಾರೆ. ಎಡವೋ ಬಲವೋ, ಎಷ್ಟು ಚೂಪು, ಒಳಗೆ ಕಲ್ಲಿದೆಯಾ, ಏರು ಮುಗಿದ ಮೇಲೆ ಏನಿದೆ, ಎಲ್ಲ. ಮುಂದೆ ಬರುವ ಅಪಾಯವನ್ನು ಒಬ್ಬರು ಮೊದಲೇ ಬಾಯಿಬಿಟ್ಟು ಹೇಳುತ್ತಾರೆ, ಇನ್ನೊಬ್ಬರು ನಂಬಿ ಓಡಿಸುತ್ತಾರೆ.

ಆವತ್ತು ಇನ್ನೊಂದು ನಡೆಯಿತು. ತಿರುವಿನ ಹೊರಬದಿಗೆ ಒಂದಷ್ಟು ಜನ ಬಂದು ನಿಂತರು. ಫೋಟೊ ಅಲ್ಲಿಂದ ಚೆನ್ನಾಗಿ ಬರುತ್ತಲ್ವಾ. ಕಾರು ಹಿಡಿತ ತಪ್ಪಿದರೆ ಬರುವುದೂ ಅಲ್ಲಿಗೇ. ದಾರಿ ಕಾಯಲು ನಿಂತಿದ್ದ ಮಾರ್ಷಲ್ ಒಬ್ಬ ಕಾಲೇಜು ಹುಡುಗ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಹಿಂದೆ ಹೋಗಿ ಸಾರ್, ಅಂದ. ಅವರು ಕದಲಲಿಲ್ಲ. ಅವರಲ್ಲಿ ಊರಿನಲ್ಲಿ ಎಲ್ಲರೂ ನಮಸ್ಕಾರ ಹೊಡೆಯುವಂಥ ದೊಡ್ಡ ಮನುಷ್ಯರೊಬ್ಬರಿದ್ದರು. ಹುಡುಗ ದನಿ ಏರಿಸಲಿಲ್ಲ. ವಾಕಿಟಾಕಿಯಲ್ಲಿ ಏನೋ ಹೇಳಿ, ನೀವು ಹೋಗೋವರ್ಗೂ ಮುಂದಿನ ಕಾರು ಬರಲ್ಲ ಸಾರ್, ಅಂದು ಕೈಕಟ್ಟಿ ನಿಂತ. ಹೋದರು. ಆಮೇಲೆಯೇ ಕಾರು ಬಂತು. ನನಗೆ ಆ ದಿನದ ಕಾರುಗಳಿಗಿಂತ ಆ ಹುಡುಗ ಜಾಸ್ತಿ ನೆನಪಿದ್ದಾನೆ.

ಗ್ರಹಚಾರ

2021ರ ಜನವರಿ, ಸಂಕ್ರಾಂತಿ ಮುಗಿದಿತ್ತು. ತಮ್ಮ ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದ, ಶನಿವಾರ ರಾತ್ರಿ ಬೇಲೂರಿನ ಮೇಲೆ ಹಾಸನಕ್ಕೆ ಬರುತ್ತಿದ್ದ. ಬೇಲೂರು ದಾಟಿದ ಮೇಲೆ ಒಂದು ತಿರುವಿದೆ, ಒಂದು ಪಕ್ಕ ಹುಣಸೆ ಮರ, ಇನ್ನೊಂದು ಪಕ್ಕ ಕಾಲುವೆ. ಅಲ್ಲಿ ಒಂದು ಟ್ರ್ಯಾಕ್ಟರ್ ಟ್ರೇಲರ್ ಕೆಟ್ಟು ನಿಂತಿತ್ತು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ರಸ್ತೆಗೆ ಒಂದು ಕಲ್ಲೋ ಸೊಪ್ಪೋ ಇಟ್ಟಿರಲಿಲ್ಲ. ಇವನು ಜೋರಾಗೇನೂ ಬರುತ್ತಿರಲಿಲ್ಲ. ಹೆಡ್‌ಲೈಟ್ ತಿರುವಿನಲ್ಲಿ ತಿರುಗುವ ಹೊತ್ತಿಗೆ ಟ್ರೇಲರ್ ಮುಂದೆಯೇ ಇತ್ತು.

ತೊಡೆ ಮೂಳೆ, ಕಾಲರ್ ಬೋನ್ ಮುರಿದಿದ್ದವು. ತಲೆ ಉಳಿಯಿತು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿದ್ದ. ಒಂದು ತಿಂಗಳ ಸಂಬಳದಲ್ಲಿ ಅಷ್ಟು ದುಡ್ಡು ಹೆಲ್ಮೆಟ್ಟಿಗೆ ಸುರಿದ್ಯಾ ಅಂತ ಅಮ್ಮ ಬೈದಿದ್ದ ಹೆಲ್ಮೆಟ್ ಅದು. ಗಲ್ಲದ ಭಾಗ ಸೀಳಿ ಹೋಗಿತ್ತು. ಆದರೂ ತಲೆಗೆ ಪೆಟ್ಟು ಬಿದ್ದದ್ದರಿಂದ ತಿಂಗಳುಗಟ್ಟಲೆ ತಲೆನೋವು, ಬೆಳಕು ಕಂಡರೆ ಆಗದು, ಫೋನ್ ಹಿಡಿದರೆ ತಲೆ ಸುತ್ತು. ಪರದೆ ನೋಡಲೇಬಾರದು ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು.

ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಗ್ರಹಚಾರ ಕಣಮ್ಮ. ಹಣೇಲಿ ಬರೆದಿತ್ತು, ಆಯ್ತು. ಶನಿ ಕಾಟ, ಇನ್ನೆರಡು ವರ್ಷ ಹುಷಾರಾಗಿರಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಮ್ಮನಿಗೆ ಆ ಮಾತು ಬೇಕಿತ್ತು. ಅವಳು ಹಾಸನಾಂಬೆಗೆ ಹರಕೆ ಹೊತ್ತಳು. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ತಾಯಿ, ಅಲ್ಲಿಯವರೆಗೆ ಇವನು ನಡೆಯುವ ಹಾಗೆ ಮಾಡು ಅಂತ. ಆ ಹರಕೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಗ್ರಹಚಾರ ಅನ್ನುವ ಮಾತು ಕೇಳಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಕುದಿಯುತ್ತಿತ್ತು. ಆ ಮಾತು ಆಡಿದ ಮೇಲೆ ಟ್ರ್ಯಾಕ್ಟರಿನ ವಿಷಯ ಯಾರೂ ಎತ್ತುತ್ತಿರಲಿಲ್ಲ. ಅದು ಯಾಕೆ ಅಲ್ಲಿ ನಿಂತಿತ್ತು, ಅದಕ್ಕೆ ದೀಪ ಯಾಕಿರಲಿಲ್ಲ, ಆ ತಿರುವಿನಲ್ಲಿ ಇದಕ್ಕೆ ಮೊದಲೂ ಬಿದ್ದವರಿದ್ದಾರಲ್ಲ, ಅಂತ ಒಬ್ಬರಾದರೂ ಕೇಳಬೇಕಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಅದನ್ನೇ ತಿರುತಿರುಗಿ ಯೋಚಿಸುತ್ತಿದ್ದೆ.

ಭಾನುವಾರ ಆರೂವರೆ

ಮಾರ್ಚ್ 28ಕ್ಕೆ ಬಹ್ರೇನ್‌ನಲ್ಲಿ ಫಾರ್ಮುಲಾ ಒನ್ ಸೀಸನ್ ಶುರುವಾಯಿತು. ಅಕ್ಕ, ನೀನು ನೋಡಿ ನಂಗೆ ಹೇಳ್ತೀಯಾ, ಅಂತ ತಮ್ಮ ಕೇಳಿದ. ಅಷ್ಟೇ. ಅಲ್ಲಿಂದ ಶುರು.

ಯುರೋಪಿನ ರೇಸುಗಳು ನಮ್ಮ ಕಡೆ ಹೆಚ್ಚಾಗಿ ಸಂಜೆ ಆರೂವರೆಗೆ. ಲಾಕ್‌ಡೌನ್ ಬೇರೆ ಬಂತು. ನನ್ನ ಶಾಲೆಯ ಪಾಠ ಫೋನಿನಲ್ಲಿ, ಊರು ಬಿಕೋ ಅನ್ನುತ್ತಿತ್ತು, ಫಿಸಿಯೊಥೆರಪಿ ಒಂದು ವಾರ ಇದ್ದರೆ ಇನ್ನೊಂದು ವಾರ ಇಲ್ಲ. ಡಾಕ್ಟರ್ ಹೇಳುವ ದಿನಾಂಕಗಳೆಲ್ಲ ಮುಂದಕ್ಕೆ ಹೋಗುತ್ತಲೇ ಇದ್ದವು. ಹೇಳಿದ ಹೊತ್ತಿಗೆ ಬರುತ್ತಿದ್ದದ್ದು ಆ ರೇಸ್ ಒಂದೇ. ಶನಿವಾರ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್, ಭಾನುವಾರ ರೇಸ್. ಮುಂದಿನ ಭಾನುವಾರದವರೆಗೆ ಏನೋ ಒಂದು ಇದೆ ಅನ್ನುವುದು ಆ ದಿನಗಳಲ್ಲಿ ಎಷ್ಟು ದೊಡ್ಡದು ಅಂತ ರೋಗಿ ಇರುವ ಮನೆಯವರಿಗೆ ಗೊತ್ತು.

ಎಂಜಿನ್ ಸದ್ದು ಕೇಳಿದರೆ ಅಮ್ಮನ ಕೈ ನಡುಗುತ್ತಿತ್ತು. ಹಾಗಾಗಿ ಟಿವಿ ಇಲ್ಲ. ನಾನು ಅವನ ಮಂಚದ ಪಕ್ಕ ನೆಲದ ಮೇಲೆ ಕೂತು, ಫೋನಿನ ಬೆಳಕು ಅವನಿಗೆ ಬೀಳದ ಹಾಗೆ ತಿರುಗಿಸಿಕೊಂಡು, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮೊದಮೊದಲು ಹೇಗೆ ಹೇಳಬೇಕು ಅನ್ನುವುದೇ ತಿಳಿಯಲಿಲ್ಲ. ಹ್ಯಾಮಿಲ್ಟನ್ ಮುಂದಿದ್ದಾನೆ, ವರ್ಸ್ಟಾಪನ್ ಹಿಂದಿದ್ದಾನೆ, ಅಂದರೆ ಅವನಿಗೆ ಸಾಲದು. ಆ ವರ್ಷ ಚಾಂಪಿಯನ್ ಪಟ್ಟಕ್ಕೆ ಪೈಪೋಟಿಯಲ್ಲಿದ್ದವರು ಆ ಇಬ್ಬರು. ಟೈರ್ ಯಾವ್ದು? ಹಳದಿ. ಎಷ್ಟು ಲ್ಯಾಪ್ ಹಳೇದು? ಗ್ಯಾಪ್ ಕಮ್ಮಿ ಆಗ್ತಿದ್ಯಾ? ಹಿಂಗೆ ಕೇಳಿ ಕೇಳಿ ಅವನೇ ನನಗೆ ಕಲಿಸಿದ. ಲ್ಯಾಪ್ ಅಂದರೆ ಟ್ರ್ಯಾಕಿನ ಒಂದು ಸುತ್ತು. ಕೆಂಪು ಪಟ್ಟಿಯದು ಮೆದು ಟೈರ್, ಓಟ ಜಾಸ್ತಿ, ಬೇಗ ಸವೆಯುತ್ತೆ. ಬಿಳಿಯದು ಗಟ್ಟಿ, ತಡೆಯುತ್ತೆ. ಹಳದಿ ಎರಡರ ನಡುವೆ. ಮಳೆಗೆ ಹಸಿರು ಮತ್ತು ನೀಲಿ. ಕೆಲವು ವಾರಗಳಲ್ಲಿ ನಾನೇ ಅವನು ಕೇಳುವ ಮೊದಲು ಹೇಳತೊಡಗಿದೆ.

ಜೂನ್ 6, ಅಜರ್ಬೈಜಾನಿನ ಬಾಕು. ವರ್ಸ್ಟಾಪನ್ ಆರಾಮಾಗಿ ಗೆಲ್ಲುತ್ತಿದ್ದ, ಕೆಲವೇ ಲ್ಯಾಪ್ ಬಾಕಿ. ಉದ್ದನೆಯ ನೇರ ದಾರಿಯಲ್ಲಿ ಹಿಂದಿನ ಎಡಗಡೆ ಟೈರ್ ಒಡೆದು ಕಾರು ಗೋಡೆಗೆ ಹೊಡೆಯಿತು. ನನ್ನ ಮಾತು ನಿಂತುಹೋಯಿತು. ಬಾಯಿ ಒಣಗಿ ಶಬ್ದ ಹೊರಡಲಿಲ್ಲ. ತಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದ, ಇಳಿದ್ನಾ?

"ಇಳಿದ."

"ಈಗ?"

"ಟೈರಿಗೆ ಕಾಲಲ್ಲಿ ಒದ್ದ."

ತಮ್ಮ ನಕ್ಕ. ಕಾಲರ್ ಬೋನ್ ನೋಯುತ್ತೆ ಅಂತ ಭುಜ ಹಿಡಿದುಕೊಂಡು ನಕ್ಕ. ಜನವರಿಯ ನಂತರ ಅವನು ಹಾಗೆ ನಕ್ಕದ್ದು ಅದೇ ಮೊದಲು. ಒಳಗಿನಿಂದ ಅಮ್ಮ ಓಡಿ ಬಂದಳು, ಏನಾಯ್ತು ಅಂತ. ಏನಿಲ್ಲಮ್ಮ, ಅಂದೆ. ನನ್ನ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಅವಳು ಇನ್ನೂ ಗಾಬರಿಯಾದಳು.

ಆಮೇಲೆ ನಡೆದದ್ದು ನನ್ನನ್ನು ಜಾಸ್ತಿ ಹಿಡಿಯಿತು. ಅದೇ ರೇಸಿನಲ್ಲಿ ಅದಕ್ಕೆ ಮೊದಲು ಲ್ಯಾನ್ಸ್ ಸ್ಟ್ರೋಲ್ ಕಾರಿನ ಟೈರೂ ಹಾಗೆಯೇ ಒಡೆದಿತ್ತು. ಟೈರ್ ಮಾಡಿದ ಕಂಪನಿ ಕೂತು ಪರೀಕ್ಷೆ ಮಾಡಿತು, ಯಾಕೆ ಒಡೆಯಿತು ಅಂತ ಹೇಳಿಕೆ ಕೊಟ್ಟಿತು, ಫ್ರಾನ್ಸಿನ ಮುಂದಿನ ರೇಸ್ ಬರುವಷ್ಟರಲ್ಲಿ ಟೈರಿನ ಗಾಳಿಯ ಒತ್ತಡ ಪರೀಕ್ಷಿಸುವ ಕ್ರಮ ಬಿಗಿಯಾಯಿತು. ಇಬ್ಬರಿಗೂ ಏನೂ ಆಗಿರಲಿಲ್ಲ. ಆದರೂ ಯಾಕೆ ಅಂತ ಕೇಳಿದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿ ಯಾರೂ ಹಣೆಬರಹ ಅನ್ನುವುದಿಲ್ಲ

ಹಿಂದಿನ ವರ್ಷ ನವೆಂಬರ್ 29ಕ್ಕೆ, ತಮ್ಮ ಇನ್ನೂ ಚೆನ್ನಾಗಿದ್ದಾಗ, ಒಂದು ವಿಡಿಯೊ ತೋರಿಸಿದ್ದ. ಬಹ್ರೇನ್, ಮೊದಲ ಲ್ಯಾಪ್. ರೋಮನ್ ಗ್ರೋಜಾನ್ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ಕಬ್ಬಿಣದ ತಡೆಬೇಲಿಗೆ ಹೊಡೆದು, ಬೇಲಿ ಸೀಳಿ, ಎರಡು ತುಂಡಾಗಿ ಹೊತ್ತಿಕೊಂಡಿತು. ಸತ್ತ ಅಂತಲೇ ಎಲ್ಲರೂ ಅಂದುಕೊಂಡರು. 27 ಸೆಕೆಂಡ್ ಆದ ಮೇಲೆ ಆ ಬೆಂಕಿಯಿಂದ ಮನುಷ್ಯ ಎದ್ದು ಬಂದ. ಎಡಗಾಲಿನ ಶೂ ಒಳಗೇ ಸಿಕ್ಕಿಕೊಂಡಿತ್ತು, ಕಾಲನ್ನು ಎಳೆದುಕೊಂಡು ಬಂದಿದ್ದ. ಕೈಗಳು ಸುಟ್ಟಿದ್ದವು, ಅಷ್ಟೇ. ತಲೆಯ ಮುಂದೆ ಕಮಾನಿನ ಹಾಗಿರುವ ಟೈಟಾನಿಯಂ ಚೌಕಟ್ಟು, ಹೇಲೋ, ಅದು ಬೇಲಿಯನ್ನು ತಡೆದು ತಲೆ ಉಳಿಸಿತ್ತು. 2018ರಲ್ಲಿ ಅದನ್ನು ಕಡ್ಡಾಯ ಮಾಡುವಾಗ ಬೇಡ ಅಂದವರಲ್ಲಿ ಗ್ರೋಜಾನ್ ಕೂಡ ಒಬ್ಬ.

ಈ ಕತೆ ಗೊತ್ತಿದ್ದವರು ಬೆಂಕಿಯ ಬಗ್ಗೆ ಮಾತಾಡುತ್ತಾರೆ. ನನಗೆ ಮುಖ್ಯವಾದದ್ದು ಅದರ ಮುಂದಿನ ವಾರ. ಡಿಸೆಂಬರ್ 6ಕ್ಕೆ ಅದೇ ಬಹ್ರೇನ್‌ನಲ್ಲಿ ಇನ್ನೊಂದು ರೇಸ್ ಇತ್ತು. ಅಷ್ಟರಲ್ಲಿ ಆ ಬೇಲಿಯನ್ನು ರಿಪೇರಿ ಮಾಡಿ, ಅದರ ಮುಂದೆ ಎರಡು ಸಾಲು ಟೈರುಗಳ ತಡೆ ಕಟ್ಟಿದ್ದರು. ಒಂದು ವಾರ. ಮನುಷ್ಯ ಬದುಕಿದ್ದ, ದೇವರು ದೊಡ್ಡವನು ಅಂತ ಕೈಮುಗಿದು ಬಿಡಬಹುದಿತ್ತು. ಬಿಡಲಿಲ್ಲ. ಮಾರ್ಚಿನ ಹೊತ್ತಿಗೆ ತನಿಖೆಯ ವರದಿಯೂ ಬಂತು. ನಮ್ಮ ತಿರುವಿನ ಹತ್ತಿರ ಆಗಲೂ ಅವನ ಬೈಕಿನ ಗಾಜಿನ ಚೂರು ಬಿದ್ದಿತ್ತು.

ಜೂಲ್ ಬಿಯಾಂಕಿ ಅನ್ನುವ ಫಾರ್ಮುಲಾ ಒನ್ ಡ್ರೈವರ್ ವಿಷಯ ನಾನು ಅವನ ಮುಂದೆ ಎತ್ತಿರಲಿಲ್ಲ. ಅವನೇ ಎತ್ತಿದ. 2014ರ ಅಕ್ಟೋಬರ್, ಜಪಾನಿನ ಸುಜುಕಾ, ಮಳೆ. ಇನ್ನೊಂದು ಕಾರು ಜಾರಿ ಗುದ್ದಿ ನಿಂತಿದೆ ಅಂತ ಅದನ್ನು ಎತ್ತಲು ಒಂದು ವಾಹನ ಬಂದಿತ್ತು. ಬಿಯಾಂಕಿ ಜಾರಿ ಹೋಗಿ ಆ ವಾಹನಕ್ಕೇ ಗುದ್ದಿದ. ಕೋಮಾದಲ್ಲಿದ್ದು 2015ರ ಜುಲೈಯಲ್ಲಿ ತೀರಿಕೊಂಡ. ಇಪ್ಪತ್ತೈದು ವರ್ಷ. ನಂದೂ ಹಂಗೇ ಅಲ್ವಾ ಅಕ್ಕ, ನಿಲ್ಲಬಾರದ ಜಾಗದಲ್ಲಿ ಒಂದು ಗಾಡಿ ನಿಂತಿತ್ತು, ಅಂದ ತಮ್ಮ. ಏನು ಹೇಳಲಿ? ಸುಮ್ಮನೆ ಅವನ ಕಾಲು ನೀವುತ್ತ ಕೂತಿದ್ದೆ. ಅವನೇ ಮುಂದುವರಿಸಿದ. 2015ರಿಂದ ವರ್ಚುವಲ್ ಸೇಫ್ಟಿ ಕಾರ್ ಅಂತ ತಂದರು, ದಾರಿಯಲ್ಲಿ ಅಪಾಯ ಇದ್ದರೆ ಎಲ್ಲ ಕಾರುಗಳೂ ಒಟ್ಟಿಗೆ ನಿಧಾನ ಆಗಲೇಬೇಕು. ಅದಕ್ಕೂ ಮುಂಚೆ 1994ರಲ್ಲಿ ಇಟಲಿಯ ಇಮೋಲಾದಲ್ಲಿ ಇಬ್ಬರು ಡ್ರೈವರುಗಳು, ಶನಿವಾರ ರಾಟ್ಜೆನ್‌ಬರ್ಗರ್, ಭಾನುವಾರ ಸೆನ್ನಾ, ಗುದ್ದಿ ತೀರಿಕೊಂಡರು. ಮುಂದಿನ ವರ್ಷಕ್ಕೆ ಸೆನ್ನಾ ಬಿದ್ದ ಆ ತಂಬುರೆಲ್ಲೋ ತಿರುವೇ ಹಾಗೆ ಉಳಿಯಲಿಲ್ಲ, ವೇಗ ಕಡಿಮೆಯಾಗುವ ಹಾಗೆ ಬದಲಿಸಿಬಿಟ್ಟರು. ಒಂದು ರೀತಿಯಲ್ಲಿ ಪ್ರತಿ ನಿಯಮದ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ.

ರೇಸಿನ ಲೋಕ ಬಹಳ ಶುದ್ಧ ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ರಾಜಸ್ಥಾನದ ಬಾಡಮೇರ್ ಹತ್ತಿರ ರ‍್ಯಾಲಿ ನಡೆಯುವ ದಾರಿಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸತ್ತರು. ಅವರು ರೇಸ್ ನೋಡಲು ಬಂದವರೂ ಅಲ್ಲ. ಅದನ್ನು ನೆನೆಸಿಕೊಂಡರೆ ಚಿಕ್ಕಮಗಳೂರಿನ ಆ ಮಾರ್ಷಲ್ ಹುಡುಗ ಹಿಡಿದ ಹಟ ಎಷ್ಟು ದೊಡ್ಡದು ಅನ್ನಿಸುತ್ತದೆ. ದುಡ್ಡು, ಟಿವಿ, ಪೈಪೋಟಿ ಎಲ್ಲ ಸೇರಿ ಓಡಿಸಬಾರದ ಹೊತ್ತಿನಲ್ಲಿ ಓಡಿಸಿದ್ದೂ ಇದೆ. 2021ರ ಆಗಸ್ಟ್ 29ಕ್ಕೆ ಬೆಲ್ಜಿಯಂನ ಸ್ಪಾದಲ್ಲಿ ಮಳೆ ಬಿಡಲೇ ಇಲ್ಲ. ಆರೂವರೆಗೆ ಶುರುವಾಗಬೇಕಿದ್ದದ್ದು ರಾತ್ರಿ ಹತ್ತರವರೆಗೂ ಎಳೆಯಿತು. ಕೊನೆಗೆ ಎಲ್ಲರನ್ನೂ ನಿಧಾನಕ್ಕೆ ನಡೆಸುವ ಸೇಫ್ಟಿ ಕಾರಿನ ಹಿಂದೆ ಒಂದೆರಡು ಸುತ್ತು ಹಾಕಿಸಿ ಅರ್ಧದಷ್ಟು ಪಾಯಿಂಟ್ ಕೊಟ್ಟರು. ಓಡದ ರೇಸಿಗೆ ಪಾಯಿಂಟ್ ಕೊಟ್ಟದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಓಡಿಸದೆ ಬಿಟ್ಟದ್ದು ಮಾತ್ರ ಸರಿ. ಅದಕ್ಕೆ ಎರಡು ವರ್ಷ ಮೊದಲು ಅದೇ ಸ್ಪಾದಲ್ಲಿ ಫಾರ್ಮುಲಾ ಟೂ ರೇಸಿನಲ್ಲಿ ಆಂತ್ವಾನ್ ಯೂಬೇರ್ ಅನ್ನುವ ಹುಡುಗ ಸತ್ತಿದ್ದ. ಮಳೆಯಲ್ಲಿ ಗಂಟೆಗಟ್ಟಲೆ ನೆಂದ ಜನ ಬೈದುಕೊಂಡರು. ಬೈಯಲಿ. ಮುಂದಿನ ಕಾರು ಕಾಣದಿದ್ದರೆ ಓಡಿಸಬಾರದು. ತಮ್ಮ ಆವತ್ತು ಹೇಳಿದ್ದೂ ಅದೇ.

ಫಿಸಿಯೊಥೆರಪಿಯಲ್ಲಿ ಅವನು ಸೋತು ಕೂತ ದಿನಗಳಲ್ಲಿ ನಾನು ರಾಬರ್ಟ್ ಕುಬಿಟ್ಸಾ ಕತೆ ತೆಗೆಯುತ್ತಿದ್ದೆ. 2011ರಲ್ಲಿ ಇಟಲಿಯ ಒಂದು ರ‍್ಯಾಲಿಯಲ್ಲಿ ಬಲಗೈ ಹೋಗಿಯೇಬಿಡುತ್ತೆ ಅನ್ನುವಷ್ಟು ಪೆಟ್ಟಾದವನು, 2019ರಲ್ಲಿ ಮತ್ತೆ ಫಾರ್ಮುಲಾ ಒನ್‌ಗೆ ಬಂದ. ಆ ಸೀಸನ್ನಿನಲ್ಲಿ ಅವನಿಗೂ ಅವನ ತಂಡಕ್ಕೂ ಸಿಕ್ಕಿದ್ದು ಒಂದೇ ಒಂದು ಪಾಯಿಂಟ್, ಜರ್ಮನಿಯಲ್ಲಿ. ಎಂಟು ವರ್ಷ ಬೇಕಾಯ್ತು ಅಕ್ಕ ಅವನಿಗೆ, ಅನ್ನುತ್ತಿದ್ದ ತಮ್ಮ. ನಿಂಗೆ ಎಂಟು ತಿಂಗಳು ಸಾಕು, ಏಳು, ಅನ್ನುತ್ತಿದ್ದೆ. ಎದ್ದು ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬರುತ್ತಿದ್ದ. (ಕುಬಿಟ್ಸಾ 2025ರಲ್ಲಿ ಲ ಮಾನ್ 24 ಗಂಟೆಯ ರೇಸನ್ನೂ ಗೆದ್ದ. ಆವತ್ತು ನಾವಿಬ್ಬರೂ ಮಾಡಿದ ಗಲಾಟೆಗೆ ಪಕ್ಕದ ಮನೆಯವರು ಬಂದು ವಿಚಾರಿಸಿಕೊಂಡು ಹೋದರು.)

ಅಮ್ಮ

ಸೆಪ್ಟೆಂಬರ್ ಹೊತ್ತಿಗೆ ಅವನ ತಲೆನೋವು ತಗ್ಗಿತ್ತು. ಸ್ವಲ್ಪ ಹೊತ್ತು ಟಿವಿ ನೋಡಬಹುದು ಅಂದಿದ್ದರು. 12ನೇ ತಾರೀಕು ಇಟಲಿಯ ಮೊಂಜಾ. ಸದ್ದು ತೀರಾ ಕಡಿಮೆ ಇಟ್ಟು ಹಾಲಿನಲ್ಲಿ ಕೂತಿದ್ದೆವು. ಅಮ್ಮ ಅಡುಗೆಮನೆ ಬಾಗಿಲಿನಲ್ಲಿ ಬೀನ್ಸ್ ನಾರು ತೆಗೆಯುತ್ತ, ಟಿವಿಗೆ ಬೆನ್ನು ಹಾಕಿ ಕೂತಿದ್ದಳು. 26ನೇ ಲ್ಯಾಪಿನಲ್ಲಿ ಹ್ಯಾಮಿಲ್ಟನ್ ಟೈರ್ ಬದಲಿಸುವ ಪಿಟ್‌ನಿಂದ ಹೊರಗೆ ಬಂದ, ವರ್ಸ್ಟಾಪನ್ ಪಕ್ಕಕ್ಕೆ ನುಗ್ಗಿದ, ಎರಡೂ ಕಾರು ಸೇರಿ ವರ್ಸ್ಟಾಪನ್ ಕಾರು ಹಾರಿ ಹ್ಯಾಮಿಲ್ಟನ್ ಕಾರಿನ ಮೇಲೆಯೇ ಕೂತಿತು. ಹಿಂದಿನ ಚಕ್ರ ಹ್ಯಾಮಿಲ್ಟನ್ ತಲೆಯ ಮೇಲೆ. ನಾವಿಬ್ಬರೂ ಕಿರುಚಿದ್ದಕ್ಕೆ ಅಮ್ಮ ತಿರುಗಿ ನೋಡಿದಳು. ಎದ್ದು ಒಳಗೆ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಹತ್ತಿರ ಬಂದು ನಿಂತಳು. ಅವರು ಮತ್ತೆ ಮತ್ತೆ ತೋರಿಸಿದರು, ಅವಳು ಮತ್ತೆ ಮತ್ತೆ ನೋಡಿದಳು.

"ಆ ಹುಡುಗನ ತಲೆ ಹೆಂಗೆ ಉಳೀತು?"

ತಮ್ಮ ಹೇಲೋ ತೋರಿಸಿದ. ಸುಮಾರು ಹನ್ನೆರಡು ಟನ್ ಭಾರ ತಡೆಯುವ ಹಾಗೆ ಮಾಡಿದ್ದಾರಮ್ಮ, ಅಂದ. ಮೊದಲು ಇದು ನೋಡಕ್ಕೆ ಚೆನ್ನಾಗಿಲ್ಲ ಅಂತ ಇದೇ ಹ್ಯಾಮಿಲ್ಟನ್ ಕೂಡ ಬೇಡ ಅಂದಿದ್ದ ಅಂತಲೂ ಹೇಳಿದ. ಅಮ್ಮ ಏನೂ ಅನ್ನಲಿಲ್ಲ. ರೇಸ್ ಮುಗಿಯಿತು, ಮೆಕ್ಲಾರೆನ್‌ನವರು ಒಂದು ಎರಡು ಬಂದರು, ಊಟ ಆಯಿತು. ರಾತ್ರಿ ಪಾತ್ರೆ ತೊಳೆಯುವಾಗ ಅವಳು ನನ್ನ ಕಡೆ ನೋಡದೆ ಕೇಳಿದಳು, ಆ ತಿರುವಿನ ಹತ್ರ ನಾವೂ ಏನಾದ್ರೂ ಹಾಕಿಸಬಹುದಲ್ವಾ?

ಮರುವಾರವೇ ಅರ್ಜಿ ಬರೆದೆವು. ನಾನು ಬರೆದೆ, ತಮ್ಮ ಪೇಸ್ ನೋಟ್ಸ್ ಬರೆಯುವ ಹಾಗೆ ಆ ತಿರುವನ್ನು ವಿವರಿಸಿದ, ಯಾವ ಕಡೆಯಿಂದ ಬಂದರೆ ಎಷ್ಟು ದೂರ ಕಾಣುತ್ತೆ, ಹುಣಸೆ ಮರ ಎಲ್ಲಿ ಮುಚ್ಚುತ್ತೆ, ಜಲ್ಲಿ ಎಲ್ಲಿ ಬಿದ್ದಿರುತ್ತೆ ಅಂತ. ಅಮ್ಮ ಮೊದಲ ಸಹಿ ಹಾಕಿದಳು. ಅಕ್ಕಪಕ್ಕದ ಹಳ್ಳಿಗಳಲ್ಲಿ ಸಹಿ ಕೇಳಲು ಹೋದಾಗ ಗೊತ್ತಾಯಿತು, ಹೆಚ್ಚು ಕಡಿಮೆ ಪ್ರತಿ ಮನೆಗೂ ಆ ತಿರುವಿನದೊಂದು ನೆನಪಿದೆ. ಒಬ್ಬರ ಗಂಡ, ಒಬ್ಬರ ಹಸು, ಒಬ್ಬರ ಕೈ. ಎಲ್ಲರೂ ಹಣೆಬರಹ ಅಂತ ಶುರುಮಾಡಿ, ಆಮೇಲೆ ಸಹಿ ಹಾಕಿದರು. ಆ ವರ್ಷ ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ತಮ್ಮ ಕೋಲು ಹಿಡಿದು ಅಮ್ಮನ ಜೊತೆ ದರ್ಶನಕ್ಕೆ ಹೋಗಿ ಬಂದ. ಹರಕೆ ತೀರಿತು. ಅರ್ಜಿಯ ಕೆಲಸ ಮಾತ್ರ ಮುಗಿದಿರಲಿಲ್ಲ, ಅಮ್ಮನೂ ಬಿಡಲಿಲ್ಲ.

ಡಿಸೆಂಬರ್ 12ರ ಅಬುಧಾಬಿ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ರೇಸಿಗೆ ಮುಂಚೆ ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರಿಗೂ 369.5 ಪಾಯಿಂಟ್, ಕೊನೆಯ ಲ್ಯಾಪಿನಲ್ಲಿ ವರ್ಸ್ಟಾಪನ್ ಮುಂದೆ ಹೋಗಿ ಚಾಂಪಿಯನ್ ಆದ. ನಾನು ಹ್ಯಾಮಿಲ್ಟನ್ ಕಡೆ, ನನಗೆ ಇವತ್ತಿಗೂ ಅದು ನುಂಗಲಾಗದು. ತಮ್ಮನಿಗೆ ಆವತ್ತು ಇಬ್ಬರ ಗೊಡವೆಯೂ ಇರಲಿಲ್ಲ. ರೈಕೋನೆನ್‌ನ ಕೊನೆಯ ಫಾರ್ಮುಲಾ ಒನ್ ರೇಸ್ ಅದು, ಬ್ರೇಕ್ ತೊಂದರೆಯಿಂದ ನಡುವೆಯೇ ನಿಲ್ಲಿಸಿದ. ಕಾರಿನಿಂದ ಇಳಿದು ನಡೆದುಕೊಂಡು ಹೋದ್ನಲ್ಲ, ಅಷ್ಟು ಸಾಕು, ಅಂದ.

ಅರ್ಜಿಗೆ ಉತ್ತರ ಬರಲು ವರ್ಷ ಕಳೆಯಿತು, ಅದರ ನಡುವೆ ಅಮ್ಮನೇ ಕಚೇರಿಗೆ ಹೋಗಿ ಕೂತು ಬರುತ್ತಿದ್ದಳು. ಈಗ ಕಾಲುವೆ ಬದಿಗೆ ತಡೆಬೇಲಿ ಬಂದಿದೆ, ಎರಡೂ ಕಡೆ ರಿಫ್ಲೆಕ್ಟರ್ ಕಂಬಗಳಿವೆ. ದೀಪ ಇನ್ನೂ ಬಂದಿಲ್ಲ, ಅದಕ್ಕೆ ಬೇರೆ ಅರ್ಜಿ ಕೊಟ್ಟಿದ್ದೇವೆ. ತಮ್ಮ ಬೈಕ್ ಬಿಟ್ಟಿಲ್ಲ, ಹೊಸ ಹೆಲ್ಮೆಟ್ ಅಮ್ಮನೇ ಕೊಡಿಸಿದಳು. ಆಲೂಗಡ್ಡೆ ಕೀಳುವ ಕಾಲಕ್ಕೆ ಹಾಸನದ ಮಾರುಕಟ್ಟೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುತ್ತವಲ್ಲ, ಆಗ ಅವನೂ ಅವನ ಸ್ನೇಹಿತರೂ ರಿಫ್ಲೆಕ್ಟರ್ ಟೇಪ್ ಹಿಡಿದು ಹೋಗುತ್ತಾರೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಮಣ್ಣು ಒರೆಸದೆ ಅಂಟಿಸಿದರೆ ವಾರದಲ್ಲಿ ಕಿತ್ತು ಬರುತ್ತೆ ಅಂತ ಹಳೆಯ ಬಟ್ಟೆಯನ್ನೂ ಒಯ್ಯುತ್ತಾರೆ. ಹೋದ ಸಲ ಟೇಪು ಅರ್ಧ ದಿನಕ್ಕೇ ಖಾಲಿಯಾಯಿತು. ಈ ಸಲ ಜಾಸ್ತಿ ತರಿಸಬೇಕು.